ಇಲ್ಲೇ ಹೋಗಿ ಬರ್ತೀನಿ



ಮೊನ್ನೆ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮುಖ ನೋಡಿ ಏನೋ ಜಮೀನಿನ ತಕರಾರಿರಬೇಕು ಎಂದುಕೊಂಡೆ. ಅವರು ಕೇಳಿದ್ದೇ ಬೇರೆ. "ಸ್ವಾಮಿ, ಸಾಯಂಕಾಲದ ಹೊತ್ತು ಹುಡುಗರನ್ನ ಕೂರಿಸಿಕೊಂಡು ಟಿ.ವಿ.ಯಲ್ಲಿ ಕಾರು ಸುತ್ತೋದನ್ನ ನೋಡ್ತೀರಂತಲ್ಲ? ಹೊರಟ ಜಾಗಕ್ಕೇ ತಿರುಗಿ ಬರೋದಕ್ಕೆ ಅವರಿಗೆ ಅಷ್ಟೊಂದು ಅವಸರ ಯಾಕೆ?"

ಒಳ್ಳೆಯ ಪ್ರಶ್ನೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಈ ಆಟ ನೋಡುತ್ತಿರುವ ನನಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ನಕ್ಕು ಸುಮ್ಮನಾದೆ. ಆದರೆ ಇದೇ ಹುಚ್ಚಿನ ಬಗ್ಗೆ ಇನ್ನೊಬ್ಬರು ಮೂರು ವರ್ಷದ ಹಿಂದೆ ಇನ್ನೊಂದು ಪ್ರಶ್ನೆ ಕೇಳಿದ್ದರು. ಆಗ ನಗಲು ಆಗಿರಲಿಲ್ಲ, ಉತ್ತರವನ್ನೂ ಕೊಟ್ಟಿರಲಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಒಂದಿಷ್ಟು ಹರಟೆ ಹೊಡೆಯೋಣ.

ನಾನು ಟಿ.ವಿ. ನೋಡುವ ಗುರು ಎಂದು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಬೀದಿಗೆಲ್ಲ ಒಂದೇ ಟಿ.ವಿ. ಇತ್ತು. 1987ರಲ್ಲಿ 'ಮಾಲ್ಗುಡಿ ಡೇಸ್' ಬರುವ ಹೊತ್ತಿಗೆ ಆ ಮನೆಯ ಕಿಟಕಿಗೆ ನಾವು ಹುಡುಗರು ಬಾವಲಿಗಳ ಹಾಗೆ ಜೋತುಬೀಳುತ್ತಿದ್ದೆವು. ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೂ ಸ್ವಾಮಿ ಎಂಬ ಹುಡುಗ ಶಾಲೆಗೆ ಹೋಗಲು ಮೈಗಳ್ಳತನ ಮಾಡಿದರೆ ಅದು ನಮಗೆ ಚೆನ್ನಾಗಿಯೇ ಅರ್ಥವಾಗುತ್ತಿತ್ತು. ಆಗುಂಬೆಯನ್ನು ಮಾಲ್ಗುಡಿ ಮಾಡಿ ತೋರಿಸಿದ ಶಂಕರ್ ನಾಗ್ ನಮ್ಮ ಪಾಲಿನ ದೊಡ್ಡ ಮನುಷ್ಯ. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಅವರು ಕಾರು ಅಪಘಾತದಲ್ಲಿ ತೀರಿಹೋದ ಸುದ್ದಿ ಬಂದ ದಿನ ನಮ್ಮಪ್ಪ ಊಟ ಬಿಟ್ಟು ಎದ್ದದ್ದು ನೆನಪಿದೆ. 'ಆಟೋ ರಾಜ'ನ ಚಿತ್ರವನ್ನು ಇಂದಿಗೂ ಕರ್ನಾಟಕದ ಆಟೋಗಳ ಹಿಂದೆ ಕಾಣುತ್ತೇವೆ. ರಸ್ತೆಯಲ್ಲಿ ಬದುಕುವ ಜನ ತಮ್ಮ ನಾಯಕ ಎಂದು ಇಟ್ಟುಕೊಂಡದ್ದು ರಸ್ತೆಯಲ್ಲೇ ತೀರಿಕೊಂಡವನನ್ನು. ಅದನ್ನು ಕಂಡಾಗಲೆಲ್ಲ ಮನಸ್ಸಿಗೆ ಏನೋ ಆಗುತ್ತದೆ.

ಇನ್ನು ಕನ್ನಡದ ಕಾರ್ಯಕ್ರಮಗಳು. ನಮ್ಮ ತಾಳವಾಡಿ ಸೀಮೆಯಲ್ಲಿ ಸರ್ಕಾರಿ ಕಾಗದವೆಲ್ಲ ತಮಿಳು, ಮನೆಯ ಮಾತು ಮಾತ್ರ ಕನ್ನಡ. ಹೀಗಿರುವವರಿಗೆ ಚಂದನ ವಾಹಿನಿ ಊರಿನಿಂದ ಬಂದ ನೆಂಟನ ಹಾಗೆ. 2002ರಲ್ಲಿ ಶುರುವಾದ 'ಥಟ್ ಅಂತ ಹೇಳಿ' ನನ್ನ ಮೆಚ್ಚಿನದು. ಡಾ. ನಾ. ಸೋಮೇಶ್ವರ ಅವರು ಯಾರನ್ನೂ ಹೀಯಾಳಿಸದೆ, ಗೆದ್ದವರಿಗೆ ಪುಸ್ತಕ ಕೊಟ್ಟು ಕಳಿಸುವ ರೀತಿ ಎಷ್ಟು ಚೆಂದ! ಧಾರಾವಾಹಿಗಳ ಬಗ್ಗೆ ನಾನು ಮಾತಾಡಿದರೆ ನಮ್ಮ ತಾಯಂದಿರಿಗೆ ಬೇಸರವಾದೀತು. ಒಂದೇ ಮಾತು ಹೇಳುತ್ತೇನೆ. ಸೊಸೆ ಕಾಫಿ ಚೆಲ್ಲಿದರೆ ಮೂರು ಸಲ ಗುಡುಗು, ಮನೆಯವರೆಲ್ಲರ ಮುಖ ಒಂದೊಂದಾಗಿ ತೋರಿಸುವುದು, ಮತ್ತೆ ಜಾಹೀರಾತು. ಅಷ್ಟರಲ್ಲಿ ನಮ್ಮ ಮನೆಯಲ್ಲಾದರೆ ನೆಲ ಒರೆಸಿ ಇನ್ನೊಂದು ಲೋಟ ಕಾಫಿಯೂ ಆಗಿರುತ್ತಿತ್ತು!

2013ರಲ್ಲಿ ಕನ್ನಡಕ್ಕೆ 'ಬಿಗ್ ಬಾಸ್' ಬಂದಾಗ ನಾನೂ ಕೆಲವು ದಿನ ನೋಡಿದೆ. ಸುದೀಪ್ ಅವರ ಮಾತು ಹಿತವಾಗಿತ್ತು, ಜಗಳಗಳು ಹಿತವಾಗಲಿಲ್ಲ. ಹಾಗೆಂದು ನಾನು ಮೆಚ್ಚುವ ಕಾರು ಓಟವೇನು ಬೇರೆ ಎಂದು ಜಂಬ ಪಡುವಂತೆಯೂ ಇಲ್ಲ. 2019ರಿಂದ 'ಡ್ರೈವ್ ಟು ಸರ್ವೈವ್' ಎಂಬ ಸರಣಿ ಬರುತ್ತಿದೆ. ಕಾರು ಓಡಿಸುವವರ ಬದುಕನ್ನು ಹತ್ತಿರದಿಂದ ತೋರಿಸುವಂಥದ್ದು. ಓಟ ಎಂದರೇನೆಂದು ತಿಳಿಯದವರೂ ಅದನ್ನು ನೋಡಿ ಅಭಿಮಾನಿಗಳಾದರು. ಆದರೆ ಅಲ್ಲಿಯೂ ಧಾರಾವಾಹಿಯ ಗುಡುಗು ಇದೆ. ಇಲ್ಲದ ಜಗಳವನ್ನು ಇದ್ದಂತೆ ತೋರಿಸುತ್ತಾರೆಂದು ಮ್ಯಾಕ್ಸ್ ವರ್ಸ್ಟಾಪನ್ 2021ರಲ್ಲಿ ಅದಕ್ಕೆ ಸಂದರ್ಶನ ಕೊಡಲು ಒಪ್ಪಲಿಲ್ಲ. ಆತ ನನ್ನ ಮೆಚ್ಚಿನ ಚಾಲಕನಲ್ಲ. ಆದರೂ ಆ ವಿಷಯದಲ್ಲಿ ನನ್ನ ಮತ ಆತನಿಗೇ.

ಓಟದ ರುಚಿ ನನಗೆ ಹತ್ತಿದ್ದು ಗುರುಮಠದಲ್ಲಿ. ಮೈಕೆಲ್ ಶೂಮಾಕರ್ 2000ದಿಂದ 2004ರವರೆಗೆ ಸತತವಾಗಿ ಐದು ವರ್ಷ ಫೆರಾರಿಯ ಕೆಂಪು ಕಾರಿನಲ್ಲಿ ವಿಶ್ವ ಚಾಂಪಿಯನ್ ಆದ ಕಾಲ ಅದು. ಯುರೋಪಿನ ಮಧ್ಯಾಹ್ನದ ಓಟ ನಮಗೆ ಭಾನುವಾರದ ಸಂಜೆ. ಕೊನೆಯ ಹತ್ತು ಸುತ್ತು ಉಳಿದಿದೆ ಎನ್ನುವಾಗ ಸರಿಯಾಗಿ ಸಂಜೆಯ ಪ್ರಾರ್ಥನೆಯ ಗಂಟೆ ಹೊಡೆಯುತ್ತಿತ್ತು. ಎಷ್ಟೋ ಓಟಗಳ ಫಲಿತಾಂಶ ನನಗೆ ತಿಳಿದದ್ದು ಸೋಮವಾರದ ಪತ್ರಿಕೆಯಿಂದಲೇ. ವಿಧೇಯತೆಯ ಪಾಠವನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಆ ಗಂಟೆಯಿಂದ ಕಲಿತದ್ದೇ ಹೆಚ್ಚು.

ನನ್ನ ಅಭಿಪ್ರಾಯಗಳನ್ನು ಕೇಳಿದರೆ ಹೇಳಿಬಿಡುತ್ತೇನೆ. ಮೊನಾಕೊ ಓಟ ನೋಡಲು ಅಂದ, ಆದರೆ ಇಕ್ಕಟ್ಟಿನ ಬೀದಿಯಲ್ಲಿ ಒಬ್ಬರನ್ನೊಬ್ಬರು ದಾಟಲಾಗದೆ ಮೆರವಣಿಗೆಯಾಗುತ್ತದೆ. ಎಂಟರ ಅಂಕಿಯ ಆಕಾರದ ಜಪಾನಿನ ಸುಜುಕಾ ಎಲ್ಲಕ್ಕಿಂತ ಮೇಲು. ಮಳೆ ಬಂದರೆ ಯಾವ ಓಟವೂ ಚೆನ್ನ. ಶೂಮಾಕರ್, ಲೂಯಿಸ್ ಹ್ಯಾಮಿಲ್ಟನ್ ಇಬ್ಬರೂ ಏಳೇಳು ಸಲ ಚಾಂಪಿಯನ್ ಆದವರು. ನನಗೆ ಶೂಮಾಕರ್ ಒಂದು ಗುಂಜಿ ಹೆಚ್ಚು, ಅದು ಪ್ರಾಯದ ಪ್ರೀತಿ. 2021ರಲ್ಲಿ ಅಬುಧಾಬಿಯ ಕೊನೆಯ ಸುತ್ತಿನಲ್ಲಿ ಹ್ಯಾಮಿಲ್ಟನ್ ಕೈಯಿಂದ ಪ್ರಶಸ್ತಿ ಜಾರಿದ್ದು ನನಗೆ ಇನ್ನೂ ಅರಗಿಲ್ಲ. ಆಟದ ನಡುವೆ ನಿಯಮವನ್ನು ಬಗ್ಗಿಸಬಾರದು. ಎಲ್ಲಕ್ಕಿಂತ ಹೆಚ್ಚು ನಾನು ಮೆಚ್ಚುವುದು ಚಕ್ರ ಬದಲಿಸುವ ಕೆಲಸಗಾರರನ್ನು. 2023ರಲ್ಲಿ ಕತಾರ್‌ನಲ್ಲಿ ಮೆಕ್ಲಾರೆನ್ ತಂಡದವರು ನಾಲ್ಕೂ ಚಕ್ರವನ್ನು 1.80 ಸೆಕೆಂಡಿನಲ್ಲಿ ಬದಲಿಸಿದರು. ನಮ್ಮ ಪಂಕ್ಚರ್ ಅಂಗಡಿಯಲ್ಲಿ ಅಷ್ಟು ಹೊತ್ತಿಗೆ "ಟೀ ಕುಡಿದು ಬನ್ನಿ ಸ್ವಾಮಿ" ಎಂಬ ಮಾತೂ ಪೂರ್ತಿಯಾಗಿರುವುದಿಲ್ಲ.

ಈ ಓಟ ನಮಗೆ ಅಷ್ಟೇನೂ ದೂರದ್ದಲ್ಲ. ಆಸನೂರು ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು, ಬಣ್ಣಾರಿ, ಸತ್ಯಮಂಗಲದ ಮೇಲೆ ನಾವು ಆಸ್ಪತ್ರೆಗೆ, ಕಾಲೇಜಿಗೆ ಹೋಗುವ ಕೊಯಮತ್ತೂರು ಇದೆಯಲ್ಲ, ಭಾರತದ ಕಾರು ಓಟದ ತವರುಗಳಲ್ಲಿ ಅದೂ ಒಂದು. ಅಲ್ಲಿನ ಕರಿವರ್ಧನ್ ಎಂಬುವರು ಕಡಿಮೆ ಖರ್ಚಿನ ಓಟದ ಕಾರುಗಳನ್ನು ಕಟ್ಟಿ ಯುವಕರಿಗೆ ದಾರಿ ಮಾಡಿಕೊಟ್ಟರು. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ಅವರ ಹೆಸರಿನಲ್ಲೇ ಚೆಟ್ಟಿಪಾಳಯಂನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಅದೇ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್ 2005ರಲ್ಲಿ ಜೋರ್ಡನ್ ತಂಡದ ಕಾರು ಹತ್ತಿ, ಫಾರ್ಮುಲಾ ಒನ್ ಓಡಿಸಿದ ಮೊದಲ ಭಾರತೀಯ ಎನಿಸಿದರು.

ಆ ವರ್ಷ ಜೂನ್ 19ರಂದು ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಓಟ. ನಮ್ಮಲ್ಲಿ ನಡುರಾತ್ರಿಯ ಹೊತ್ತು. ವಿಶೇಷ ಅನುಮತಿ ಪಡೆದು ನಾವು ನಾಲ್ಕೈದು ಮಂದಿ ಕುಳಿತಿದ್ದೆವು. ಶುಕ್ರವಾರದ ಅಭ್ಯಾಸದಲ್ಲಿ ರಾಲ್ಫ್ ಶೂಮಾಕರ್ ಅವರ ಟೈರು ಹೋಗಿ ಕಾರು ಗೋಡೆಗೆ ಬಡಿದಿತ್ತು. ಆ ವೇಗದ ತಿರುವಿನಲ್ಲಿ ತನ್ನ ಟೈರುಗಳು ತಾಳುತ್ತವೆಂದು ಮಿಷೆಲಿನ್ ಕಂಪನಿ ಭರವಸೆ ಕೊಡಲಾರದೆ ಹೋಯಿತು. ಹಾಗಾಗಿ ಆ ಟೈರು ಹಾಕಿದ್ದ 14 ಕಾರುಗಳೂ ಮೊದಲ ಪೂರ್ವಸುತ್ತು ಮುಗಿಸಿ ಒಳಗೆ ಹೋಗಿಬಿಟ್ಟವು. ಉಳಿದದ್ದು ಆರು ಕಾರು. ಜನ ಕೂಗಿದರು, ಬಾಟಲಿ ಎಸೆದರು. ಶೂಮಾಕರ್ ಗೆದ್ದರು, ನಮ್ಮ ನರೇನ್ ನಾಲ್ಕನೆಯವರಾಗಿ ಐದು ಅಂಕ ಪಡೆದರು. ನಾವು ಕುಣಿದಾಡಿದೆವು. ಓಡದೆ ಹೋದ ಹದಿನಾಲ್ಕು ಮಂದಿಯನ್ನು ಹೇಡಿಗಳೆಂದು ಅಣಕಿಸಿದೆವು. ಅದರಲ್ಲಿ ನನ್ನ ದನಿಯೇ ದೊಡ್ಡದಾಗಿತ್ತು. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಏಕೆಂದು ಹೇಳುತ್ತೇನೆ.

ಈ ಧರ್ಮಕೇಂದ್ರಕ್ಕೆ ಬಂದ ಮೇಲೆ ನಾಲ್ಕಾರು ಹುಡುಗರು ನನ್ನೊಂದಿಗೆ ಓಟ ನೋಡಲು ಬರತೊಡಗಿದರು. ಅವರಲ್ಲಿ ಒಬ್ಬ ಇದ್ದ. ಚಾಮರಾಜನಗರದಲ್ಲಿ ಬೈಕ್ ರಿಪೇರಿ ಕಲಿಯುತ್ತಿದ್ದ ಹುಡುಗ, ಇಪ್ಪತ್ತೆರಡು ವರ್ಷ. ಟೈರು ಯಾವಾಗ ಕಾಯುತ್ತದೆ, ಮಳೆಯಲ್ಲಿ ಯಾಕೆ ಜಾರುತ್ತದೆ ಎಂದು ನನಗೇ ಪಾಠ ಹೇಳುತ್ತಿದ್ದ. ದಿಂಬಂ ತಿರುವುಗಳಲ್ಲಿ ಬೈಕನ್ನು ಹೇಗೆ ಬಾಗಿಸಬೇಕೆಂದು ಕುರ್ಚಿಯ ಮೇಲೆ ಕುಳಿತೇ ತೋರಿಸುತ್ತಿದ್ದ. ಎಲ್ಲರೂ ನಗುತ್ತಿದ್ದೆವು. ನಾನೂ ನಗುತ್ತಿದ್ದೆ. "ನಿಧಾನ ಕಣಪ್ಪ" ಎಂದು ಒಮ್ಮೆಯಾದರೂ ಹೇಳಿದ್ದೆನೇ? ಹೇಳಿರಬಹುದು. ನಗುತ್ತಾ ಹೇಳಿದ ಮಾತಿಗೆ ತೂಕವಿರುವುದಿಲ್ಲ.

ಅವನು ಸತ್ತದ್ದು ಘಾಟಿಯಲ್ಲಲ್ಲ. ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ, ನೇರವಾದ ರಸ್ತೆಯಲ್ಲಿ. ಮುಸ್ಸಂಜೆಯಲ್ಲಿ ಅವ್ವ ಮೊಸರು ತರಲು ಹೇಳಿದ್ದಳು. "ಇಲ್ಲೇ ಹೋಗಿ ಬರ್ತೀನಿ" ಎಂದು ಹೊರಟ. ಹೆಲ್ಮೆಟ್ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಕೆಟ್ಟು ರಸ್ತೆಯಲ್ಲೇ ನಿಂತಿತ್ತು. ಅದರ ಹಿಂದೆ ದೀಪವಿರಲಿಲ್ಲ, ಕೆಂಪು ಬಟ್ಟೆಯ ಚೂರೂ ಇರಲಿಲ್ಲ. ಉಳಿದದ್ದನ್ನು ನಾನು ಬರೆಯಬೇಕಾಗಿಲ್ಲ.

ತಿಂಗಳ ಪೂಜೆ ಮುಗಿದ ಮೇಲೆ ಆ ತಾಯಿ ನನ್ನ ಬಳಿ ಬಂದರು. ಅಳಲಿಲ್ಲ. ಮೆಲ್ಲಗೆ ಕೇಳಿದರು: "ಸ್ವಾಮಿ, ನಿಮ್ಮ ಮನೇಲಿ ಆ ಓಟ ನೋಡಿ ನೋಡೀನೇ ನನ್ನ ಮಗ ಜೋರಾಗಿ ಓಡಿಸ್ತಿದ್ನಾ?"

ನಾನು ಬಾಯಿ ತೆರೆದೆ, ಮಾತು ಬರಲಿಲ್ಲ. ಅವರು ಒಂದು ಕ್ಷಣ ಕಾದು, ಕೈಮುಗಿದು ಹೊರಟುಹೋದರು. ಅಲ್ಲಿಂದ ಹಲವು ತಿಂಗಳು ನಾನು ಓಟ ನೋಡಲಿಲ್ಲ. ನೋಡಿದರೂ ಸೇರಲಿಲ್ಲ.

ಆ ಪ್ರಶ್ನೆಗೆ ಪೂರ್ತಿ ಉತ್ತರ ಇಂದಿಗೂ ನನ್ನಲ್ಲಿಲ್ಲ. ಆದರೆ ಒಂದು ವಿಷಯ ನನಗೆ ಸ್ಪಷ್ಟವಾಯಿತು. ನಾನು ಆ ಹುಡುಗರಿಗೆ ಓಟದ ಅರ್ಧವನ್ನಷ್ಟೇ ತೋರಿಸಿದ್ದೆ. ವೇಗವನ್ನು ತೋರಿಸಿದ್ದೆ. ಆ ವೇಗದಲ್ಲಿ ಹೋಗುವವರು ಜೀವದ ಬಗ್ಗೆ ಎಷ್ಟು ಎಚ್ಚರ ಕಲಿತರು, ಅದಕ್ಕೆ ಎಂಥ ಬೆಲೆ ತೆತ್ತರು ಎಂಬುದನ್ನು ತೋರಿಸಿರಲಿಲ್ಲ. ಆ ಇನ್ನರ್ಧವನ್ನು ಇಲ್ಲಿ ಹೇಳುತ್ತೇನೆ.

1966ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ ಮಳೆ. ಮೊದಲ ಸುತ್ತಿನಲ್ಲೇ ಜಾಕಿ ಸ್ಟೀವರ್ಟ್ ಎಂಬ ಸ್ಕಾಟ್ಲೆಂಡಿನ ಯುವಕನ ಕಾರು ರಸ್ತೆ ಬಿಟ್ಟು ಹೋಗಿ ನಜ್ಜುಗುಜ್ಜಾಯಿತು. ಆತ ಒಳಗೇ ಸಿಕ್ಕಿಕೊಂಡ, ಮೈಮೇಲೆಲ್ಲ ಪೆಟ್ರೋಲು ಸುರಿಯುತ್ತಿತ್ತು. ಬಿಡಿಸಲು ಬಂದವರು ಯಾರು? ಜೊತೆಯಲ್ಲಿ ಓಡುತ್ತಿದ್ದ ಚಾಲಕರೇ, ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಂಟ್. ಸ್ಟೀರಿಂಗ್ ಬಿಚ್ಚಲು ಅವರ ಹತ್ತಿರ ಸ್ಪ್ಯಾನರ್ ಇಲ್ಲ, ನೋಡಲು ಬಂದವರೊಬ್ಬರಿಂದ ಎರವಲು ಪಡೆದರು. ಸುಮಾರು 25 ನಿಮಿಷ ಆತ ಪೆಟ್ರೋಲಿನಲ್ಲಿ ತೊಯ್ದು ಕುಳಿತಿದ್ದ. ಬದುಕಿ ಬಂದ ಸ್ಟೀವರ್ಟ್ ಸುಮ್ಮನಿರಲಿಲ್ಲ. ಸೀಟ್ ಬೆಲ್ಟ್ ಬೇಕು, ರಸ್ತೆ ಬದಿಗೆ ತಡೆ ಬೇಕು, ವೈದ್ಯರು ಬೇಕು ಎಂದು ವರ್ಷಗಟ್ಟಲೆ ಜಗಳಾಡಿದ. ಓಟದ ರೋಮಾಂಚನವನ್ನೇ ಕೆಡಿಸುತ್ತಿದ್ದಾನೆ ಎಂದು ಜನ ಮೂದಲಿಸಿದರು. ಆತ ಮೂರು ಸಲ ವಿಶ್ವ ಚಾಂಪಿಯನ್. ಹೇಡಿಯಾಗಿದ್ದರೆ ಮೂರು ಸಲ ಚಾಂಪಿಯನ್ ಆಗಲು ಸಾಧ್ಯವೇ?

1978ರಲ್ಲಿ ಇಟಲಿಯ ಮೊಂಜಾದಲ್ಲಿ ಓಟ ಆರಂಭವಾಗುತ್ತಿದ್ದಂತೆಯೇ ಹಲವು ಕಾರುಗಳು ಡಿಕ್ಕಿಯಾದವು. ಸ್ವೀಡನ್ನಿನ ರೋನಿ ಪೀಟರ್ಸನ್ ಕಾಲು ಮುರಿದುಕೊಂಡರು. ಆಂಬುಲೆನ್ಸ್ ತಡವಾಗಿ ಬಂತು, ಮರುದಿನ ಅವರು ತೀರಿಕೊಂಡರು. ಆ ವರ್ಷವಷ್ಟೇ ಓಟದ ವೈದ್ಯರಾಗಿ ಬಂದಿದ್ದ ಸಿಡ್ ವಾಟ್ಕಿನ್ಸ್ ಎಂಬ ಮಿದುಳು ಶಸ್ತ್ರವೈದ್ಯರು ಒಂದು ಪಟ್ಟು ಹಿಡಿದರು. ಇನ್ನು ಮುಂದೆ ಪ್ರತಿ ಓಟದ ಮೊದಲ ಸುತ್ತಿನಲ್ಲಿ ವೈದ್ಯರ ಕಾರು ಓಟದ ಕಾರುಗಳ ಬೆನ್ನಿಗೇ ಹೋಗಬೇಕು. ಹಾಗೆಯೇ ಆಯಿತು.

1994ರ ಏಪ್ರಿಲ್ 30ರಂದು ಇಟಲಿಯ ಇಮೊಲಾದಲ್ಲಿ ಆಸ್ಟ್ರಿಯಾದ ರೋಲಂಡ್ ರಾಟ್ಜೆನ್‌ಬರ್ಗರ್ ಸತ್ತರು. ಮರುದಿನ ಅದೇ ಜಾಗದಲ್ಲಿ ಬ್ರೆಜಿಲಿನ ಐರ್ಟನ್ ಸೆನ್ನಾ ಸತ್ತರು. ಸೆನ್ನಾ ಅವರ ಕಾರಿನಲ್ಲಿ ಮಡಚಿಟ್ಟ ಆಸ್ಟ್ರಿಯಾದ ಬಾವುಟ ಸಿಕ್ಕಿತು. ಗೆದ್ದರೆ ಸತ್ತ ಗೆಳೆಯನ ಹೆಸರಿನಲ್ಲಿ ಅದನ್ನು ಬೀಸಬೇಕೆಂದಿದ್ದರು. ಈ ಎರಡು ಸಾವುಗಳ ನಂತರ ಓಟದ ರಸ್ತೆಗಳು, ಕಾರುಗಳು, ನಿಯಮಗಳು ಎಲ್ಲವನ್ನೂ ಮತ್ತೆ ನೋಡಿದರು. ಚಕ್ರ ಬದಲಿಸುವ ಓಣಿಯಲ್ಲಿ ಜನ ಓಡಾಡುತ್ತಾರೆಂದು ಅಲ್ಲಿ ವೇಗಕ್ಕೆ ಮಿತಿ ಹಾಕಿದರು. ಹೊರಗೆ 300 ಕಿಲೋಮೀಟರ್ ವೇಗದಲ್ಲಿ ಬಂದವನೂ ಆ ಓಣಿಯೊಳಗೆ ಸಾಮಾನ್ಯವಾಗಿ 80ರಲ್ಲೇ ಹೋಗಬೇಕು. ಇಕ್ಕಟ್ಟಾದ ಮೊನಾಕೊದಲ್ಲಿ 60. ಸ್ವಲ್ಪ ಮೀರಿದರೂ ದಂಡ. ಜಗತ್ತಿನ ಅತಿ ವೇಗದ ಚಾಲಕರು ಜನರಿರುವ ಜಾಗದಲ್ಲಿ ಹೀಗೆ ಹೋಗುತ್ತಾರೆ. ನಾವು ಸಂತೆಯ ಬೀದಿಯಲ್ಲಿ ಹೇಗೆ ಹೋಗುತ್ತೇವೆ?

2014ರ ಅಕ್ಟೋಬರ್ 5ರಂದು ನಾನು ಮೆಚ್ಚುವ ಅದೇ ಸುಜುಕಾದಲ್ಲಿ ಮಳೆ ಸುರಿಯುತ್ತಿತ್ತು. ಕೆಟ್ಟು ನಿಂತ ಕಾರೊಂದನ್ನು ಎತ್ತಲು ಟ್ರ್ಯಾಕ್ಟರಿನಂಥ ವಾಹನ ಬಂದಿತ್ತು. ಫ್ರಾನ್ಸಿನ ಜೂಲ್ ಬಿಯಾಂಕಿಯ ಕಾರು ಜಾರಿಹೋಗಿ ಅದಕ್ಕೆ ಬಡಿಯಿತು. ಪ್ರಜ್ಞೆ ಮರಳದೆ ಒಂಬತ್ತು ತಿಂಗಳ ನಂತರ, 2015ರ ಜುಲೈಯಲ್ಲಿ ಆತ ತೀರಿಕೊಂಡ. ವಯಸ್ಸು 25. ನಮ್ಮ ಹುಡುಗನ ನಂತರ ಇದು ನನಗೆ ನೆನಪಾದಾಗ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಅಲ್ಲೂ ನಿಂತ ವಾಹನ, ಇಲ್ಲೂ ನಿಂತ ವಾಹನ. ಆದರೆ ಆಮೇಲೆ ನಡೆದದ್ದು ಬೇರೆ ಬೇರೆ. ಅಲ್ಲಿ ತನಿಖೆ ನಡೆಯಿತು. ರಸ್ತೆಯಲ್ಲಿ ಅಪಾಯವಿರುವಾಗ ಎಲ್ಲ ಕಾರುಗಳೂ ಒಮ್ಮೆಲೇ ವೇಗ ಇಳಿಸಲೇಬೇಕಾದ ಹೊಸ ವ್ಯವಸ್ಥೆ 2015ರಲ್ಲೇ ಜಾರಿಗೆ ಬಂತು. ಇಲ್ಲಿ ನಾವು "ಅವನ ಆಯಸ್ಸು ಅಷ್ಟೇ" ಎಂದೆವು. ಮಣ್ಣು ಮಾಡಿ ಮನೆಗೆ ಬಂದೆವು. ಮರುದಿನ ಅದೇ ರಸ್ತೆಯಲ್ಲಿ ದೀಪವಿಲ್ಲದ ಟ್ರ್ಯಾಕ್ಟರುಗಳು ಹೋದವು.

2018ರಲ್ಲಿ ಚಾಲಕನ ತಲೆಯ ಸುತ್ತ ಟೈಟಾನಿಯಂ ಲೋಹದ ಬಳೆಯೊಂದನ್ನು ಕಡ್ಡಾಯ ಮಾಡಿದರು. ಅದರ ಹೆಸರು ಹೇಲೋ. ಸಂತರ ಚಿತ್ರಗಳಲ್ಲಿ ತಲೆಯ ಸುತ್ತ ಇರುತ್ತದಲ್ಲ ಪ್ರಭಾವಲಯ, ಅದಕ್ಕೆ ಇಂಗ್ಲಿಷಿನಲ್ಲಿ ಅದೇ ಮಾತು. ಹತ್ತು ಕೆ.ಜಿ.ಯೂ ತೂಗದ ಅದು ಹನ್ನೆರಡು ಟನ್ ಭಾರ ತಡೆಯುತ್ತದೆ. ಬಂದಾಗ ಎಷ್ಟು ಗೇಲಿ! ಹವಾಯಿ ಚಪ್ಪಲಿಯ ಪಟ್ಟಿಯ ಹಾಗಿದೆ ಎಂದರು, ಕಾರಿನ ಅಂದ ಕೆಟ್ಟಿತು ಎಂದರು. ಬೇಡವೆಂದವರಲ್ಲಿ ಫ್ರಾನ್ಸಿನ ರೊಮೈನ್ ಗ್ರೋಜಾನ್ ಕೂಡ ಒಬ್ಬರು. ನಾನೂ ಇಲ್ಲಿ ಕುಳಿತು ಮೂಗು ಮುರಿದವನೇ.

2020ರ ನವೆಂಬರ್ 29, ಬಹ್ರೇನ್. ಮೊದಲ ಸುತ್ತು. ಅದೇ ಗ್ರೋಜಾನ್ ಅವರ ಕಾರು ಸುಮಾರು 190 ಕಿಲೋಮೀಟರ್ ವೇಗದಲ್ಲಿ ಕಬ್ಬಿಣದ ತಡೆಗೆ ನುಗ್ಗಿತು. ಕಾರು ಎರಡು ತುಂಡಾಯಿತು, ಬೆಂಕಿಯ ಉಂಡೆ ಎದ್ದಿತು. ಟಿ.ವಿ. ಮುಂದೆ ಕುಳಿತಿದ್ದ ನಾನು ಎದ್ದು ನಿಂತು ಶಿಲುಬೆಯ ಗುರುತು ಹಾಕಿಕೊಂಡೆ. ಮುಗಿಯಿತು ಎಂದುಕೊಂಡೆ. ಅರ್ಧ ನಿಮಿಷಕ್ಕೂ ಕಡಿಮೆ ಸಮಯದಲ್ಲಿ ಆ ಬೆಂಕಿಯೊಳಗಿಂದ ಒಬ್ಬ ಮನುಷ್ಯ ಎದ್ದು ಬಂದ! ಒಂದು ಕಾಲಿನಲ್ಲಿ ಬೂಟು ಇರಲಿಲ್ಲ, ಕೈಗಳು ಸುಟ್ಟಿದ್ದವು. ಅವರನ್ನು ಹಿಡಿದುಕೊಳ್ಳಲು ವೈದ್ಯ ಇಯಾನ್ ರಾಬರ್ಟ್ಸ್ ಅಲ್ಲೇ ನಿಂತಿದ್ದರು. ಮೊದಲ ಸುತ್ತಿನಲ್ಲಿ ವೈದ್ಯರ ಕಾರು ಬೆನ್ನಿಗೇ ಬರಬೇಕೆಂದು 1978ರಲ್ಲಿ ಹಿಡಿದ ಪಟ್ಟು 42 ವರ್ಷದ ನಂತರ ಒಂದು ಜೀವಕ್ಕೆ ನೆರವಾಯಿತು. ತಲೆ ಕಬ್ಬಿಣಕ್ಕೆ ಸಿಗದಂತೆ ಕಾಯ್ದದ್ದು ಆ ಚಪ್ಪಲಿ ಪಟ್ಟಿ. ಅದಿಲ್ಲದಿದ್ದರೆ ನಾನು ಇಂದು ಮಾತಾಡುತ್ತಿರಲಿಲ್ಲ ಎಂದು ಗ್ರೋಜಾನ್ ಆಸ್ಪತ್ರೆಯ ಹಾಸಿಗೆಯಿಂದಲೇ ಒಪ್ಪಿಕೊಂಡರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಮ್ಮ ಹಿರಿಯರು ಗೇಲಿ ಮಾಡುತ್ತಾರೆ. ನಾನು ಹೇಳುವುದಿಷ್ಟೆ, ಕೆಟ್ಟ ಮೇಲಾದರೂ ಬುದ್ಧಿ ಬರಲಿ. ಒಬ್ಬನಿಗೆ ತಡವಾಗಿ ಬಂದ ಬುದ್ಧಿ ಇನ್ನೊಬ್ಬನಿಗೆ ಹೊತ್ತಿಗೆ ಸರಿಯಾಗಿ ಬಂದದ್ದಾಗುತ್ತದೆ. ಪೀಟರ್ಸನ್‌ಗೆ ತಡವಾದದ್ದು ಗ್ರೋಜಾನ್‌ಗೆ ಸಮಯಕ್ಕೆ ಒದಗಿತು.

ಒಬ್ಬ ಗುರುವಾಗಿ ಇನ್ನೊಂದು ಮಾತು. ಸಾವಿನ ಮನೆಯಲ್ಲಿ ನಾವು "ದೇವರ ಚಿತ್ತ" ಎನ್ನುತ್ತೇವೆ. ನೊಂದವರಿಗೆ ಅದು ಆಸರೆ, ಅದನ್ನು ಕಸಿಯಲಾರೆ. ಆದರೆ ಟ್ರ್ಯಾಕ್ಟರಿಗೆ ದೀಪ ಹಾಕದಿದ್ದುದು ದೇವರ ಚಿತ್ತವಲ್ಲ, ನಮ್ಮ ಸೋಮಾರಿತನ. ಹೆಲ್ಮೆಟ್ ಮೊಳೆಯ ಮೇಲೆ ಉಳಿದದ್ದೂ ದೇವರ ಚಿತ್ತವಲ್ಲ. ನಾವು ಮಾಡಬೇಕಾದದ್ದನ್ನು ಮಾಡದೆ ಹೊಣೆಯನ್ನು ಅವನ ಮೇಲೆ ಹೊರಿಸುವುದು ಭಕ್ತಿಯಲ್ಲ.

ಓಟದವರನ್ನು ಒಮ್ಮೆ ಗಮನಿಸಿ ನೋಡಿ. ಓಟಕ್ಕೆ ಮುಂಚೆ ನಿಧಾನವಾಗಿ ಒಂದು ಪೂರ್ವಸುತ್ತು ಹೋಗುತ್ತಾರೆ. ಅದರಲ್ಲಿ ಸ್ಪರ್ಧೆ ಇಲ್ಲ, ಅಂಕವಿಲ್ಲ. ಆದರೂ ಹೆಲ್ಮೆಟ್, ಬೆಲ್ಟು, ಬೆಂಕಿ ತಾಳುವ ಉಡುಪು ಎಲ್ಲವೂ ಮೈಮೇಲಿರುತ್ತವೆ. "ಇಲ್ಲೇ ಹೋಗಿ ಬರ್ತೀನಿ" ಎಂಬ ಮಾತು ಅವರಲ್ಲಿಲ್ಲ. ನಮ್ಮಲ್ಲೋ ಘಾಟಿ ಇಳಿಯುವಾಗ ಹೆಲ್ಮೆಟ್ ಹಾಕುತ್ತೇವೆ, ಅದೂ ಬಣ್ಣಾರಿಯಲ್ಲಿ ಪೊಲೀಸರು ನಿಂತಿರುತ್ತಾರೆಂದು. ಮೊಸರಿಗೆ, ಹಾಲಿನ ಡೈರಿಗೆ, ಪೂಜೆಗೆ ಬರುವಾಗ ಹಾಕುವುದಿಲ್ಲ. ತಲೆ ಮಾತ್ರ ಎಲ್ಲ ಕಡೆಗೂ ಒಂದೇ.

ಆ ವರ್ಷ ಕಬ್ಬು ಕಡಿಯುವ ಕಾಲ ಮತ್ತೆ ಬಂದಾಗ ನಮ್ಮ ಯುವಜನರು ಒಂದು ಕೆಲಸ ಮಾಡಿದರು. ಬೆಳಕು ಬಿದ್ದರೆ ಹೊಳೆಯುವ ಕೆಂಪು ಪಟ್ಟಿಗಳನ್ನು ತಂದು ಊರಿನ ಟ್ರ್ಯಾಕ್ಟರ್ ಟ್ರೈಲರುಗಳ, ಎತ್ತಿನ ಗಾಡಿಗಳ ಹಿಂದೆ ಅಂಟಿಸಿದರು. ಜಾತಿ ಮತ ಕೇಳಲಿಲ್ಲ, ಯಾರ ಗಾಡಿ ಎಂದೂ ನೋಡಲಿಲ್ಲ. ಕೆಲವರು ಬೈದರು, ಹೆಚ್ಚಿನವರು ಟೀ ಕೊಟ್ಟರು. ದೊಡ್ಡ ಕೆಲಸವೇನಲ್ಲ. ಕತ್ತಲಲ್ಲಿ ಒಂದಿಷ್ಟು ಕೆಂಪು ಕಾಣುತ್ತದೆ, ಅಷ್ಟೇ.

ಎರಡನೆಯ ದಿನ ಪಟ್ಟಿ ಮುಗಿದುಹೋಗಿ ಹುಡುಗರು ಚರ್ಚಿನ ಜಗಲಿಯಲ್ಲಿ ಕುಳಿತಿದ್ದರು. ಆ ತಾಯಿ ಬಂದರು. ಸೆರಗಿನ ತುದಿ ಬಿಚ್ಚಿ ಇನ್ನೂರು ರೂಪಾಯಿ ನನ್ನ ಕೈಗಿಟ್ಟು, "ಆ ಕೆಂಪು ಅಂಟಿಸೋದಕ್ಕೆ ಸ್ವಾಮಿ" ಎಂದರು. ಅಂದು ಕೇಳಿದ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಕೇಳದಿದ್ದರೂ ಅದು ಅಲ್ಲೇ ಇದೆ ಎಂದು ನಮ್ಮಿಬ್ಬರಿಗೂ ಗೊತ್ತು.

ಈಗ ಮತ್ತೆ ಓಟ ನೋಡುತ್ತೇವೆ. ಬರುವ ಹುಡುಗರು ಹೆಲ್ಮೆಟ್ ತಂದು ನನ್ನ ಮೇಜಿನ ಮೇಲಿಟ್ಟು ಕೂರಬೇಕು, ಇಲ್ಲದಿದ್ದರೆ ನಡೆದು ಬರಬೇಕು. ಇದು ನಮ್ಮ ಮನೆಯ ನಿಯಮ. ಆಟದ ನಡುವೆ ಬಗ್ಗಿಸುವುದಿಲ್ಲ. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದಲ್ಲಿ ಫಾರ್ಮುಲಾ ಟು ಓಟ ಗೆದ್ದಾಗ ನಮ್ಮ ಮೇಜಿನ ಮೇಲೆ ಏಳು ಹೆಲ್ಮೆಟ್ ಇದ್ದವು. ಎಂಟನೆಯದಕ್ಕೂ ಜಾಗವಿತ್ತು.

ಹೊರಟ ಜಾಗಕ್ಕೇ ತಿರುಗಿ ಬರಲು ಅಷ್ಟೊಂದು ಅವಸರ ಯಾಕೆ ಎಂದು ಕೇಳಿದ ನಮ್ಮ ಹಿರಿಯರಿಗೆ ಈಗ ಉತ್ತರ ಹೇಳಬಲ್ಲೆ. ಅವಸರ ಅವರ ಕೆಲಸ. ಆದರೆ ಹೊರಟ ಜಾಗಕ್ಕೆ ತಿರುಗಿ ಬರುವುದನ್ನು ಅವರಿಂದ ನಾವೂ ಕಲಿಯಬೇಕು. ಮನೆಯಿಂದ ಹೊರಟವರೆಲ್ಲ ಮನೆಗೆ ಬರಬೇಕು. ಈ ಪತ್ರಿಕೆ ಓದಿ ಮುಗಿಸಿದ ಮೇಲೆ ನಿಮ್ಮ ಮನೆಯ ಗೋಡೆಯ ಮೊಳೆಯ ಕಡೆ ಒಮ್ಮೆ ನೋಡಿ. ಅಲ್ಲಿ ಏನಾದರೂ ನೇತಾಡುತ್ತಿದ್ದರೆ, ಇಂದು ಯಾರಾದರೂ "ಇಲ್ಲೇ ಹೋಗಿ ಬರ್ತೀನಿ" ಎಂದಾಗ ಕೈಗೆ ತೆಗೆದುಕೊಡಿ.

ಮುಂದಿನ ತಿಂಗಳು ಸಿಗೋಣ. ಅಷ್ಟರಲ್ಲಿ ಧಾರಾವಾಹಿಯ ಸೊಸೆ ಚೆಲ್ಲಿದ ಕಾಫಿ ಒರೆಸಿ ಮುಗಿಸಿರಬಹುದು!